ಹಳೆಯ ಕ್ಯಾಮರಾ ಮತ್ತು ಉಪನಿಧಿ

ಹಳೆಯ ವಸ್ತುವೊಂದನ್ನು ಕೊಳ್ಳುವವನು ನಿಜವಾಗಿ ಏನನ್ನು ಕೊಳ್ಳುತ್ತಾನೆ? ಮೇಲುನೋಟಕ್ಕೆ ಇದು ಪ್ರಶ್ನೆಯೇ ಅಲ್ಲವೆಂದು ತೋರಬಹುದು. ಹಣವನ್ನು ಕೊಟ್ಟವನಿಗೆ ವಸ್ತು, ವಸ್ತುವನ್ನು ಕೊಟ್ಟವನಿಗೆ ಹಣ. ವ್ಯವಹಾರವು ಅಲ್ಲಿಗೆ ತೀರಿತು. ಹಳೆಯ ತಾಮ್ರದ ಕೊಡವನ್ನೋ ತೊಟ್ಟಿಲನ್ನೋ ಕೊಂಡವನನ್ನು ಈ ಪ್ರಶ್ನೆಯು ಬಾಧಿಸಲಾರದು. ಆದರೆ ಹಿಂದಿನ ತಲೆಮಾರಿನ ಛಾಯಾಗ್ರಾಹಕರು ಉಪಯೋಗಿಸುತ್ತಿದ್ದ ದೊಡ್ಡ ಮರದ ಕ್ಯಾಮರಾವೊಂದನ್ನು ಅದರ ಪ್ಲೇಟು ಹೋಲ್ಡರುಗಳ ಸಮೇತವಾಗಿ ಕೊಂಡಂದಿನಿಂದ ನನ್ನನ್ನು ಇದು ಬಿಡದೆ ಹಿಂಬಾಲಿಸಿದೆ. ನನಗೆ ಹೊಳೆದಷ್ಟನ್ನು ವಾಚಕರ ಮುಂದಿಡುವೆನು. ತೀರ್ಪನ್ನು ಅವರೇ ಹೇಳಬಹುದು.

ಈ ಯಂತ್ರವನ್ನು ಕಣ್ಣಾರೆ ಕಂಡಿರದವರಿಗಾಗಿ ಅದರ ಸ್ವರೂಪವನ್ನು ಮೊದಲು ನಾಲ್ಕು ಮಾತುಗಳಲ್ಲಿ ಹೇಳಬೇಕಾಗಿದೆ. ತೇಗದ ಇಲ್ಲವೆ ಮಹಾಗನಿಯ ಎರಡು ಚೌಕಟ್ಟುಗಳು. ಅವುಗಳ ನಡುವೆ ಕಮ್ಮಾರನ ತಿದಿಯಂತೆ ಮಡಿಕೆಮಡಿಕೆಯಾಗಿರುವ ಚರ್ಮದ ಚೀಲ, ಇದಕ್ಕೆ ಬೆಲ್ಲೋಸು ಎಂದು ಹೆಸರು. ಮುಂದಿನ ಚೌಕಟ್ಟಿನಲ್ಲಿ ಹಿತ್ತಾಳೆಯ ಕೊಳವೆಯೊಳಗಿನ ಲೆನ್ಸು, ಹಿಂದಿನದರಲ್ಲಿ ಮಬ್ಬುಗಾಜು. ಛಾಯಾಗ್ರಾಹಕನು ಕಪ್ಪು ಬಟ್ಟೆಯನ್ನು ತಲೆಯ ಮೇಲೆ ಹೊದೆದು ಮಬ್ಬುಗಾಜನ್ನು ನೋಡಿದರೆ, ಎದುರಿಗಿರುವವರು ತಲೆಕೆಳಗಾಗಿ, ಎಡಬಲ ಬದಲಾಗಿ ಕಾಣುವರು. ಬಿಂಬವು ಸ್ಫುಟವಾದೊಡನೆ ಮಬ್ಬುಗಾಜನ್ನು ಸರಿಸಿ, ಅದಿದ್ದ ಜಾಗದಲ್ಲಿಯೇ ಪ್ಲೇಟು ಹೋಲ್ಡರನ್ನು ಕೂಡಿಸಬೇಕು. ಹೋಲ್ಡರೆಂದರೆ ಬೆಳಕು ಹೊಗದಂತೆ ಮಾಡಿದ ತೆಳ್ಳನೆಯ ಮರದ ಪೆಟ್ಟಿಗೆ. ಅದರೊಳಗೆ ಬೆನ್ನಿಗೆ ಬೆನ್ನು ಮಾಡಿ ಎರಡು ಗಾಜಿನ ಪ್ಲೇಟುಗಳು. ಒಂದೊಂದರ ಮುಂದೆಯೂ ಎಳೆದು ತೆಗೆಯತಕ್ಕ ಒಂದು ಮರೆಹಲಗೆ. ಮರೆಹಲಗೆಯನ್ನೆಳೆದು, ಲೆನ್ಸಿನ ಮುಚ್ಚಳವನ್ನು ತೆಗೆದು, ಒಂದೆರಡು ಎಣಿಸಿ, ಮತ್ತೆ ಮುಚ್ಚಿದರೆ ಎದುರಿಗೆ ಕುಳಿತವರ ಕೆಲಸವಾಯಿತು. ಚಿತ್ರವು ಮಾತ್ರ ಇನ್ನೂ ಆಗಿಲ್ಲ. ಕತ್ತಲೆಕೋಣೆಯಲ್ಲಿ ಔಷಧದಿಂದ ತೊಳೆಯುವವರೆಗೂ ಪ್ಲೇಟಿನ ಮೇಲೆ ಏನೂ ಕಾಣದು. ಬಿಂಬವು ಅಲ್ಲಿದೆ, ಆದರೆ ಇಲ್ಲದಂತೆಯೇ ಇದೆ.

1851ರಲ್ಲಿ ಆರ್ಚರನು ಪ್ರಚುರಪಡಿಸಿದ ಒದ್ದೆ ಪ್ಲೇಟಿನ ಕ್ರಮದಲ್ಲಿ ಇಂತಹ ಸ್ಥಿತಿಗೆ ಎಡೆಯೇ ಇರಲಿಲ್ಲ. ಪ್ಲೇಟಿಗೆ ಲೇಪವನ್ನು ಹಚ್ಚಿ, ಅದು ಆರುವುದರೊಳಗೆ ಚಿತ್ರವನ್ನು ಹಿಡಿದು, ಅಲ್ಲಿಯೇ ತೊಳೆದು ಮುಗಿಸಬೇಕಾಗಿತ್ತು. 1871ರಲ್ಲಿ ಮ್ಯಾಡಾಕ್ಸ್ ಎಂಬ ಇಂಗ್ಲಿಷ್ ವೈದ್ಯನು ಜೆಲಟಿನ್ನಿನ ಒಣ ಪ್ಲೇಟಿನ ಮಾರ್ಗವನ್ನು ತೋರಿಸಿಕೊಟ್ಟ ಬಳಿಕ ಹಿಡಿಯುವ ಗಳಿಗೆಗೂ ತೊಳೆಯುವ ಗಳಿಗೆಗೂ ನಡುವೆ ಬಿಡುವು ಹುಟ್ಟಿತು. ಆ ಬಿಡುವು ಒಂದು ದಿನದ್ದಿರಬಹುದು, ಒಂದು ತಿಂಗಳಿನದಿರಬಹುದು. ನನ್ನ ಪಾಲಿಗೆ ಬಂದ ಪ್ಲೇಟಿನಲ್ಲಿ ಅದು ಐವತ್ತು ವರ್ಷಗಳನ್ನು ಮೀರಿತ್ತು.

ಇಂತಹ ಕ್ಯಾಮರಾಗಳನ್ನು ಕೊಳ್ಳುವ ಚಪಲವುಳ್ಳವರು ಇಂದಿಗೂ ಅಲ್ಲಲ್ಲಿ ಇದ್ದಾರೆ. ಇಂಗ್ಲೆಂಡಿನಿಂದ ಬಂದವೂ, ಕೇರಳದ ಆಲಪ್ಪುಳದಲ್ಲಿ ತಯಾರಾಗುತ್ತಿದ್ದ ವಾಗೀಶ್ವರಿ ಎಂಬವೂ ಹಳೆಯ ಸ್ಟುಡಿಯೋಗಳ ಅಟ್ಟಗಳಲ್ಲಿ ದೊರೆಯುವುದುಂಟು. ಮರವು ಮಿರುಗುವುದನ್ನು ಕಂಡು ಮರುಳಾಗಬಾರದು. ಕತ್ತಲೆಯಲ್ಲಿ ಬೆಲ್ಲೋಸಿನೊಳಗೆ ಸಣ್ಣ ವಿದ್ಯುದ್ದೀಪವನ್ನಿಟ್ಟು ಹೊರಗಿನಿಂದ ನೋಡಬೇಕು. ಮಡಿಕೆಗಳ ಮೂಲೆಗಳಲ್ಲಿ ನಕ್ಷತ್ರಗಳು ಕಂಡರೆ ಅಷ್ಟು ತೂತುಗಳಿವೆಯೆಂದು ಅರ್ಥ. ಮಬ್ಬುಗಾಜಿನ ಒರಟು ಮೈ ಲೆನ್ಸಿನ ಕಡೆಗೇ ಇರತಕ್ಕದ್ದು. ಯಾರೋ ಒಡೆದ ಗಾಜನ್ನು ಬದಲಿಸುವಾಗ ತಿರುವುಮುರುವು ಕೂಡಿಸಿದ್ದರೆ, ಕಣ್ಣಿಗೆ ಸ್ಫುಟವಾಗಿ ಕಂಡುದು ಪ್ಲೇಟಿನಲ್ಲಿ ಮಸುಕಾಗುವುದು. ಎಲ್ಲಕ್ಕಿಂತ ಮುಖ್ಯವಾದವು ಹೋಲ್ಡರುಗಳು. ಒಬ್ಬ ತಯಾರಕನ ಹೋಲ್ಡರು ಇನ್ನೊಬ್ಬನ ಕ್ಯಾಮರಾಕ್ಕೆ ಅನೇಕವೇಳೆ ಕೂಡುವುದಿಲ್ಲ. ಇಂಗ್ಲೆಂಡಿನ ಅರೆ ಪ್ಲೇಟಿನ ಅಳತೆ 4¾ ಅಂಗುಲಕ್ಕೆ 6½ ಅಂಗುಲ. ಅಮೆರಿಕದವರದು 5ಕ್ಕೆ 7. ಜರ್ಮನಿಯವರದು 13 ಸೆಂಟಿಮೀಟರಿಗೆ 18. ಆದುದರಿಂದ ಹೋಲ್ಡರಿಲ್ಲದ ಕ್ಯಾಮರಾವು ಹಗ್ಗವಿಲ್ಲದ ಸೇದುವ ಕೊಡದಂತೆ.

ಇಂದು ಪ್ಲೇಟುಗಳು ಅಪೂರ್ವ. ತಗಡಿನ ಒರೆಯೊಂದನ್ನು ಹೋಲ್ಡರಿನೊಳಗಿಟ್ಟು, ಅದರಲ್ಲಿ ಫಿಲ್ಮನ್ನು ಸೇರಿಸಿ, ಗಾಜಿನ ದಪ್ಪಕ್ಕೆ ಸರಿದೂಗಿಸಿಕೊಳ್ಳಬೇಕು. ಬಡವನ ಉಪಾಯವೊಂದುಂಟು: ವೈದ್ಯರ ಎಕ್ಸ್‌ರೇ ಫಿಲ್ಮು. 8 ಅಂಗುಲಕ್ಕೆ 10 ಅಂಗುಲದ ಒಂದು ಹಾಳೆಯಿಂದ ಎರಡು ಅರೆ ಪ್ಲೇಟುಗಳು ಲೆಕ್ಕವಾಗಿ ಬರುವುವು. ಕೆಂಪು ದೀಪದಲ್ಲಿ ಕತ್ತರಿಸಬಹುದು. ಎರಡು ಮೈಗೂ ಲೇಪವಿರುವುದರಿಂದ ಉಗುರು ತಾಗಿದರೂ ಗೀರು ಬೀಳುತ್ತದೆ. ನಾನು ಹಾಳುಮಾಡಿದ ಹಾಳೆಗಳನ್ನು ಎಣಿಸುವುದು ಬೇಡ.

ಇನ್ನು ನನ್ನ ಕೊಳ್ಳುವಿಕೆಯ ಕಥೆ. ಚಿತ್ರದುರ್ಗದ ಸೀಮೆಯ ಒಂದು ಪೇಟೆಯಲ್ಲಿ, ಎಂದೋ ಮುಚ್ಚಿಹೋದ ಸ್ಟುಡಿಯೋ ಒಂದರ ಸಾಮಾನು ಮಾರಾಟಕ್ಕಿದೆಯೆಂದು ಕೇಳಿ ಹೋಗಿದ್ದೆನು. ಛಾಯಾಗ್ರಾಹಕರ ಸೊಸೆ, ಎಪ್ಪತ್ತನ್ನು ದಾಟಿದ ಹಿರಿಯರು, ಟ್ರಂಕನ್ನು ತೆರೆಯಿಸಿದರು. ಅರೆ ಪ್ಲೇಟಿನ ಕ್ಯಾಮರಾ, ಮೂರು ಹೋಲ್ಡರುಗಳು, ಮುಂದಿನ ಚೌಕಟ್ಟಿನಲ್ಲಿ 21 ಸೆಂಟಿಮೀಟರಿನ ಜರ್ಮನಿಯ ಟೆಸ್ಸಾರ್ ಲೆನ್ಸು. ಅವರು ನಾಲ್ಕು ಸಾವಿರ ರೂಪಾಯಿ ಎಂದರು. ಲೆನ್ಸೊಂದೇ ಅದರ ಮೂರರಷ್ಟು ಬೆಲೆ ಬಾಳುವುದೆಂದು ನನಗೆ ತಿಳಿದಿತ್ತು, ಅವರಿಗೆ ತಿಳಿದಿರಲಿಲ್ಲ. ನಾನು ಚೌಕಾಶಿ ಮಾಡಲಿಲ್ಲ. ಅದನ್ನೇ ದೊಡ್ಡ ಔದಾರ್ಯವೆಂದು ಭಾವಿಸಿ, ಹಣವನ್ನೆಣಿಸಿ, ಹಗುರವಾದ ಮನಸ್ಸಿನಿಂದ ಬಸ್ಸನ್ನು ಹತ್ತಿದೆನು.

ಮನಸ್ಸಿನ ಹಗುರವು ಬಹಳ ದಿನ ಉಳಿಯಲಿಲ್ಲ. ರೋಮಿನ ಸಿಸೆರೋ ಕ್ರಿ.ಪೂ. 44ರಲ್ಲಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದ ಮೂರನೆಯ ಭಾಗದಲ್ಲಿ ಸ್ಕೇವೊಲ ಎಂಬವನ ಪ್ರಸಂಗವೊಂದಿದೆ. ಅವನು ಒಂದು ಹೊಲವನ್ನು ಕೊಳ್ಳಹೋಗಿ ಬೆಲೆಯನ್ನು ಒಂದೇ ಮಾತಿನಲ್ಲಿ ಹೇಳೆಂದನಂತೆ. ಮಾರುವವನು ಹೇಳಿದನು. ಸ್ಕೇವೊಲನು ತನ್ನ ಎಣಿಕೆಯಲ್ಲಿ ಹೊಲವು ಅದಕ್ಕಿಂತ ಹೆಚ್ಚು ಬಾಳುವುದೆಂದು ಹೇಳಿ ಒಂದು ಲಕ್ಷ ಸೆಸ್ಟರ್ಸುಗಳನ್ನು ಮೇಲೆ ಸೇರಿಸಿ ಕೊಟ್ಟನು. ಇವನು ಒಳ್ಳೆಯವನೆಂಬುದನ್ನು ಜನರು ಅಲ್ಲಗಳೆಯುವುದಿಲ್ಲ, ಜಾಣನೆಂಬುದನ್ನು ಮಾತ್ರ ಒಪ್ಪುವುದಿಲ್ಲ ಎಂದು ಸಿಸೆರೋ ಹೇಳುತ್ತಾನೆ. ಒಳ್ಳೆಯತನವೂ ಜಾಣತನವೂ ಬೇರೆಯಾದ ಕಡೆಯಲ್ಲಿ ಏನೋ ಕೆಟ್ಟಿದೆ ಎಂಬುದು ಅವನ ಅಭಿಪ್ರಾಯ. ನಾನು ಜಾಣನಾಗಿ ಮನೆಗೆ ಬಂದಿದ್ದೆನು.

ಹಾಗೆಂದು, ತಿಳಿವಳಿಕೆಗೆ ಬೆಲೆಯಿಲ್ಲವೆಂದು ನಾನು ಹೇಳುವುದಿಲ್ಲ. ವರ್ಷಗಟ್ಟಲೆ ಓದಿ, ಕೈಸುಟ್ಟುಕೊಂಡು ಕಲಿತವನು ಕಸದೊಳಗಿನ ರತ್ನವನ್ನು ಗುರುತಿಸಿದರೆ, ಅವನ ಶ್ರಮಕ್ಕೂ ಒಂದು ಪಾಲು ಸಲ್ಲಬೇಕು. ಸಂತೆಯಲ್ಲಿ ವ್ಯಾಪಾರಿಯೊಡನೆ ನಡೆಯುವ ಕೊಳುಕೊಡೆಯಲ್ಲಿ ಇದು ಸರಿ. ಆದರೆ ಮಾವನ ಜೀವನೋಪಾಯದ ಸಾಧನವನ್ನು, ಅದರ ಹೆಸರನ್ನೂ ಅರಿಯದೆ ನನ್ನ ಮುಖವನ್ನೇ ನೋಡುತ್ತ ಬೆಲೆ ಹೇಳಿದ ಹೆಂಗಸಿನ ಅಜ್ಞಾನದಿಂದ ಲಾಭ ಪಡೆಯುವುದು ಬೇರೆ. ಯಾಜ್ಞವಲ್ಕ್ಯಸ್ಮೃತಿಯು ಒಡೆಯನಲ್ಲದವನು ಮಾಡಿದ ಮಾರಾಟವನ್ನು ವಿಚಾರಿಸುವಾಗ, ಗುಟ್ಟಾಗಿಯೋ ಹೊತ್ತಲ್ಲದ ಹೊತ್ತಿನಲ್ಲಿಯೋ ತೀರ ಕಡಿಮೆ ಬೆಲೆಗೋ ಕೊಂಡವನನ್ನು ಕಳ್ಳನೆಂದೇ ಎಣಿಸುವುದು. ನಾನು ಹಗಲಿನಲ್ಲಿ, ಮನೆಯ ಅಂಗಳದಲ್ಲಿ ಕೊಂಡೆನು. ನನ್ನ ವ್ಯವಹಾರವು ಆ ವಚನದ ಹಿಡಿತಕ್ಕೆ ಸಿಕ್ಕದು. ಆದರೂ ಕಡಿಮೆ ಬೆಲೆ ಎಂಬ ಮಾತು ಆ ಪಟ್ಟಿಯಲ್ಲಿ ಬಂದಿರುವುದನ್ನು ಕಂಡು ನನಗೆ ಸುಖವಾಗಲಿಲ್ಲ.

ಇಷ್ಟಾಗಿ, ಬೆಲೆಯ ತಪ್ಪು ತಿದ್ದಬಹುದಾದುದು. ಹಣವನ್ನು ಮತ್ತೆ ಕಳಿಸಿಕೊಡಬಹುದು. ನಿಜವಾದ ತೊಡಕು ಎದುರಾದುದು ಹೋಲ್ಡರುಗಳನ್ನು ಪರೀಕ್ಷಿಸುವಾಗ.

ಹಳೆಯ ಹೋಲ್ಡರನ್ನು ಕೊಂಡವನು ಅದನ್ನು ಮೊದಲು ಕಿವಿಯ ಬಳಿ ಹಿಡಿದು ಮೆಲ್ಲನೆ ಅಲುಗಿಸಬೇಕು. ನಾನು ಈ ನಿಯಮವನ್ನು ಆ ದಿನವೇ ಕಲಿತೆನು, ಅದೂ ಆಕಸ್ಮಿಕವಾಗಿ. ಎರಡು ಹೋಲ್ಡರುಗಳನ್ನು ಹಗಲ ಬೆಳಕಿನಲ್ಲಿಯೇ ತೆರೆದು ಒರೆಸಿ ಇಟ್ಟಿದ್ದೆನು, ಅವು ಬರಿದಾಗಿದ್ದುವು. ಮೂರನೆಯದರ ಮರೆಹಲಗೆಗೆ ಕೈಹಾಕಿದಾಗ ಒಳಗೆ ಗಾಜು ಮರಕ್ಕೆ ತಾಗಿದ ಸಣ್ಣ ಸದ್ದು ಕೇಳಿಸಿತು. ಕೈ ನಿಂತಿತು. ಎರಡು ಮೈಗಳ ಮೇಲೆ 5, 6 ಎಂಬ ಅಂಕಗಳ ಬಿಲ್ಲೆಗಳಿದ್ದುವು. 5ರ ಪಕ್ಕದಲ್ಲಿ ಸೀಸದ ಕಡ್ಡಿಯಿಂದ ಎಳೆದ ಒಂದು ಗುಣಾಕಾರದ ಗುರುತು. ಚಿತ್ರ ಹಿಡಿದಾಗಿದೆ ಎಂಬುದಕ್ಕೆ ಆ ಛಾಯಾಗ್ರಾಹಕರು ಇಟ್ಟುಕೊಂಡ ಸಂಕೇತವಾಗಿರಬೇಕು. ಅಂದರೆ ಎಂದೋ ಒಂದು ದಿನ ಯಾರೋ ಒಬ್ಬರು ಆ ಲೆನ್ಸಿನ ಎದುರಿಗೆ ಉಸಿರು ಬಿಗಿಹಿಡಿದು ಕುಳಿತಿದ್ದರು. ಅವರ ಬಿಂಬವು ಇನ್ನೂ ಈ ಮರದ ಪೆಟ್ಟಿಗೆಯಲ್ಲಿದೆ.

ಇದು ಯಾರದು? ಹೋಲ್ಡರನ್ನು ಕೊಂಡಿರುವುದರಿಂದ ಅದರೊಳಗಿನದೂ ನನ್ನದೇ ಎಂದು ಮನಸ್ಸು ತಟ್ಟನೆ ಹೇಳಿತು. ಆದರೆ ಬೀರುವನ್ನು ಮಾರಿದವನು ಅದರ ಕಳ್ಳಖಾನೆಯಲ್ಲಿ ಮರೆತುಬಿಟ್ಟ ಒಡವೆಯನ್ನು ಮಾರಿದನೆಂದು ಯಾವ ನ್ಯಾಯವೂ ಹೇಳದು. ಹಾಗಾದರೆ ಆ ತಾಯಿಯದೇ? ಅವರಿಗೆ ಅದರ ಇರವೇ ಗೊತ್ತಿರಲಿಲ್ಲ.

ನಮ್ಮ ಧರ್ಮಶಾಸ್ತ್ರಕಾರರು ಇಂತಹ ಸಂದರ್ಭಕ್ಕೆ ಹತ್ತಿರವಾದ ಒಂದು ವಿಚಾರವನ್ನು ಮಾಡಿದ್ದಾರೆ. ಒಳಗೇನಿದೆಯೆಂದು ಹೇಳದೆ, ಮುಚ್ಚಿದ ಪಾತ್ರೆಯಲ್ಲಿಯೋ ಪೆಟ್ಟಿಗೆಯಲ್ಲಿಯೋ ಇಟ್ಟು ಇನ್ನೊಬ್ಬರ ಕೈಗೆ ಒಪ್ಪಿಸಿದ ದ್ರವ್ಯಕ್ಕೆ ಯಾಜ್ಞವಲ್ಕ್ಯರು ಔಪನಿಧಿಕವೆಂದು ಹೆಸರಿಟ್ಟು, ಅದನ್ನು ಇದ್ದಂತೆಯೇ ಹಿಂದಿರುಗಿಸಬೇಕೆಂದು ವಿಧಿಸಿದ್ದಾರೆ. ಆ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದವನೇ, ಆರನೆಯ ವಿಕ್ರಮಾದಿತ್ಯನ ಕಾಲದವನು. ಉಪನಿಧಿಯನ್ನು ಪಡೆದವನಿಗೆ ಅದು ಎಷ್ಟು ಬೆಲೆಯದೆಂದು ತಿಳಿಯದು. ತಿಳಿಯುವ ಅಧಿಕಾರವೂ ಅವನಿಗಿಲ್ಲ. ಅವನ ಕರ್ತವ್ಯವು ಒಳಗಿನ ವಸ್ತುವಿನ ಯೋಗ್ಯತೆಯನ್ನು ಅವಲಂಬಿಸಿಲ್ಲವೆಂಬುದೇ ಇದರ ವೈಶಿಷ್ಟ್ಯ. ಪ್ಲೇಟಿಗೆ ಇದು ವಿಚಿತ್ರವಾಗಿ ಹೊಂದುವುದು. ಒಡವೆಯ ಪೆಟ್ಟಿಗೆಯನ್ನು ತೆರೆದು ನೋಡಿ ಮತ್ತೆ ಮುಚ್ಚಿದರೆ ಒಡವೆಯು ಕೆಡದು. ಪ್ಲೇಟಿನ ಪೆಟ್ಟಿಗೆಯನ್ನು ತೆರೆದು ನೋಡಿದೊಡನೆ, ನೋಡಬೇಕೆಂದಿದ್ದುದೇ ನಾಶವಾಗುವುದು.

ಈ ಸಂಕೋಚವೆಲ್ಲ ಅತಿಯಾಯಿತು, ಇಂತಹ ಕಟ್ಟುಗಳನ್ನು ಬಿಚ್ಚಿದವರಿಂದಲೇ ಲೋಕಕ್ಕೆ ಉಪಕಾರವಾಗಿದೆ ಎಂದು ಸ್ನೇಹಿತರೊಬ್ಬರು ವಾದಿಸಿದರು. ಅವರ ಮಾತಿನಲ್ಲಿ ಹುರುಳಿದೆ. 1897ರಲ್ಲಿ ಬಲೂನಿನಲ್ಲಿ ಉತ್ತರಧ್ರುವಕ್ಕೆ ಹೊರಟು ಹಿಮದಲ್ಲಿ ಮಡಿದ ಸ್ವೀಡನ್ನಿನ ಆಂದ್ರೆ ಮತ್ತು ಅವನ ಇಬ್ಬರು ಸಂಗಡಿಗರ ಅವಶೇಷಗಳು 1930ರಲ್ಲಿ ದೊರೆತುವು. ಜೊತೆಯಲ್ಲಿದ್ದ ಫಿಲ್ಮನ್ನು ಸ್ಟಾಕ್‌ಹೋಮಿನ ಯೋನ್ ಹೆರ್ಟ್ಸ್‌ಬೆರ್ಗ್ ಎಂಬವರು ತೊಳೆದು 93 ಚಿತ್ರಗಳನ್ನು ಉಳಿಸಿಕೊಂಡರು. ನಮ್ಮ ಹಂಪೆಯ ವಿಷಯವನ್ನೇ ನೋಡಿ. 1856ರಲ್ಲಿ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ಅಲ್ಲಿಯ ಗುಡಿಗೋಪುರಗಳನ್ನು ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದಿದ್ದನು. ಅವು ಬಹುಕಾಲದ ಮೇಲೆ ಬೆಳಕಿಗೆ ಬಂದುದರಿಂದ, 1983ರಲ್ಲಿ ಜಾನ್ ಗೋಲಿಂಗ್ಸ್ ಎಂಬ ಛಾಯಾಗ್ರಾಹಕರು ಅವೇ ಸ್ಥಳಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆಯಲು ಸಾಧ್ಯವಾಯಿತು; ಯಾವ ಮಂಟಪವು ಹೇಗಿತ್ತು, ಯಾವುದು ಬಿತ್ತು ಎಂಬುದು ಎರಡನ್ನೂ ಎದುರುಬದುರಾಗಿ ಇಟ್ಟವರಿಗೆ ತಿಳಿಯುವುದು. ಆದರೆ ಗುಡಿಗೆ ನಾಚಿಕೆಯಿಲ್ಲ. ಧ್ರುವಕ್ಕೆ ಹೊರಟವರು ಲೋಕಕ್ಕೆ ತೋರಿಸಬೇಕೆಂದೇ ಚಿತ್ರ ತೆಗೆದರು.

ಇವೆರಡಕ್ಕಿಂತ ನನ್ನನ್ನು ಕಾಡಿದ್ದು ಅಮೆರಿಕದ ನ್ಯೂ ಆರ್ಲಿಯನ್ಸಿನ ಒಂದು ಪ್ರಸಂಗ. ಅಲ್ಲಿಯ ಬೆಲ್ಲಾಕ್ ಎಂಬ ಛಾಯಾಗ್ರಾಹಕನು 1912ರ ಸುಮಾರಿನಲ್ಲಿ ವೇಶ್ಯಾವಾಟಿಕೆಯ ಹೆಂಗಸರ ಚಿತ್ರಗಳನ್ನು ಗಾಜಿನ ಪ್ಲೇಟುಗಳಲ್ಲಿ ಹಿಡಿದಿದ್ದನು. ಅವನು 1949ರಲ್ಲಿ ತೀರಿಕೊಂಡನು. 1966ರಲ್ಲಿ ಲೀ ಫ್ರೀಡ್‌ಲ್ಯಾಂಡರ್ ಎಂಬ ಛಾಯಾಗ್ರಾಹಕರು 89 ಪ್ಲೇಟುಗಳನ್ನು ಕೊಂಡು, ಹಳೆಯ ಕ್ರಮದಲ್ಲಿಯೇ ಅಚ್ಚು ತೆಗೆದರು. 1970ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯದಲ್ಲಿ ಅವುಗಳ ಪ್ರದರ್ಶನವಾಯಿತು. ಕೆಲವು ಪ್ಲೇಟುಗಳಲ್ಲಿ ಹೆಂಗಸಿನ ಮುಖವನ್ನು ಕೆರೆದು ಅಳಿಸಿದೆ. ಯಾರು ಕೆರೆದರು, ಏಕೆ ಕೆರೆದರು ಎಂಬುದು ನಿಶ್ಚಯವಾಗಿಲ್ಲ. ಚಿತ್ರಗಳು ಮನೋಹರವಾಗಿವೆಯೆಂದು ಬಲ್ಲವರೆಲ್ಲ ಹೇಳುವರು, ನಾನೂ ಒಪ್ಪುವೆನು. ಆದರೂ ಕೆರೆದ ಆ ಮುಖವು ‘ನೋಡಬೇಡ’ ಎಂದು ಹೇಳುತ್ತಿರುವಂತೆ ನನಗೆ ತೋರುವುದು. ಪ್ಲೇಟನ್ನು ಕೊಂಡವರಿಗೆ ಆ ಮಾತನ್ನು ಮೀರುವ ಅಧಿಕಾರವು ಹಣದಿಂದ ಬಂದಿತೆ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಕಡೆಗೆ ನಾನು ಮಾಡಿದುದಿಷ್ಟು: ಹೋಲ್ಡರನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿಕೊಂಡು, ಲೆನ್ಸಿನ ಬಾಬತ್ತು ಎಂಟು ಸಾವಿರ ರೂಪಾಯಿಗಳನ್ನು ತೆಗೆದುಕೊಂಡು ಆ ಪೇಟೆಗೆ ಮತ್ತೆ ಹೋದೆನು. ಆ ತಾಯಿ ಹಣವನ್ನು ಕಂಡು ಗಾಬರಿಯಾದರು. ಕೊಟ್ಟ ಸಾಮಾನಿನಲ್ಲಿ ಏನಾದರೂ ದೋಷವಿತ್ತೋ ಎಂದು ಕೇಳಿದರು. ಬೆಲೆಯ ಸಂಗತಿಯನ್ನು ವಿವರಿಸಿದೆನು. ಅವರು ಹಣವನ್ನು ದೇವರ ಗೂಡಿನಲ್ಲಿಟ್ಟು ಬಂದು ಕುಳಿತರು. ಪ್ಲೇಟಿನ ಮಾತನ್ನೆತ್ತಿದಾಗ ಮಾತ್ರ ಅವರ ಮುಖದ ಕಳೆಯೇ ಬದಲಾಯಿತು. ಎದ್ದು ಹೋಗಿ, ಕೆಂಪು ಬಟ್ಟೆಯ ರಟ್ಟಿನ ಲೆಕ್ಕದ ಪುಸ್ತಕವೊಂದನ್ನು ತಂದರು. 1967ರ ಮಳೆಗಾಲದಲ್ಲಿ ಮಾವನವರು ಹಾಸಿಗೆ ಹಿಡಿದರೆಂದೂ, ಅನಂತರ ಆ ಕ್ಯಾಮರಾವನ್ನು ಯಾರೂ ಮುಟ್ಟಲಿಲ್ಲವೆಂದೂ, ಅವರ ಯಜಮಾನರು ಸಣ್ಣ ರೋಲ್ ಕ್ಯಾಮರಾದಲ್ಲಿಯೇ ಕೆಲಸ ಸಾಗಿಸಿದರೆಂದೂ ಹೇಳಿದರು. ಆ ವರ್ಷದ ಕೊನೆಯ ಪುಟದಲ್ಲಿ, ಅಂಚಿನಲ್ಲಿ 5 ಎಂದು ಬರೆದ ಒಂದು ಬಾಬು: ಹಾಫ್ ಪ್ಲೇಟು ಒಂದು, ಪ್ರತಿ ಮೂರು, ಮುಂಗಡ ಐದು ರೂಪಾಯಿ, ಬಾಕಿ ಏಳು. ಹೆಸರಿನ ಜಾಗದಲ್ಲಿ ಒಂದು ಹಳ್ಳಿಯ ಹೆಸರೂ, ‘ಗೌಡರ ಮನೆ’ ಎಂದೂ ಮಾತ್ರ ಇತ್ತು.

“ಮುಂಗಡ ತಗೊಂಡ ಮೇಲೆ ಅದು ನಮ್ಮದಲ್ಲವಲ್ಲ, ಸ್ವಾಮಿ,” ಎಂದರು ಅವರು. “ನಮ್ಮ ಮಾವನವರು ಇದ್ದಿದ್ರೆ ಎಷ್ಟು ಹೊತ್ತಾದ್ರೂ ತೊಳೆದು ಕೊಡ್ತಿದ್ರು. ನಿಮಗೆ ತೊಳೆಯೋದು ಬರುತ್ತದೆಯೇ?”

ನಾನು ಸ್ಮೃತಿಗಳನ್ನೂ ಸಿಸೆರೋವನ್ನೂ ಸುತ್ತಿ ಬಂದು ಹುಡುಕುತ್ತಿದ್ದುದನ್ನು ಅವರು ಆ ಪುಟದಲ್ಲಿ ಬೆರಳಿಟ್ಟು ತೋರಿಸಿದರು. ನಮ್ಮ ದೇಶದ ಕಾಯಿದೆಯೂ ಇದನ್ನೇ ಹೇಳುವುದು. 1957ರ ಹಕ್ಕುಸ್ವಾಮ್ಯದ ಕಾಯಿದೆಯ 17ನೆಯ ಪ್ರಕರಣದ ಪ್ರಕಾರ, ಹಣ ಕೊಟ್ಟು ತೆಗೆಯಿಸಿಕೊಂಡ ಛಾಯಾಚಿತ್ರದ ಹಕ್ಕಿಗೆ, ಬೇರೆ ಕರಾರಿಲ್ಲದಿದ್ದರೆ, ತೆಗೆಯಿಸಿಕೊಂಡವನೇ ಮೊದಲ ಒಡೆಯನು. ಉಪನಿಧಿಯನ್ನು ಇದ್ದಂತೆ ಹಿಂದಿರುಗಿಸಬೇಕೆಂಬ ವಿಧಿಗೆ ಇಲ್ಲೊಂದು ತೊಡಕು ಬಂದಿತು: ಇದ್ದಂತೆ ಕೊಟ್ಟರೆ ಅವರಿಗೆ ಸಿಕ್ಕುವುದು ಕಪ್ಪು ಗಾಜು. ಅವರು ಐದು ರೂಪಾಯಿ ಕೊಟ್ಟುದು ತೊಳೆದ ಚಿತ್ರಕ್ಕೆ. ತೆರೆಯದೆ ಕಾಯುವುದು ಕರ್ತವ್ಯವೆಂದು ನಾನು ತಿಳಿದಿದ್ದೆನು. ತೆರೆದು ಪೂರ್ತಿ ಮಾಡುವುದೇ ಕರ್ತವ್ಯವೆಂದು ಆಯಿತು.

ತೊಳೆಯುವ ಕೆಲಸಕ್ಕೆ ಒಂದು ತಿಂಗಳು ಹಿಂಜರಿದೆನು. ಹಳೆಯ ಪ್ಲೇಟಿಗೆ ತಾನಾಗಿಯೇ ಮಂಜು ಕವಿದಿರುತ್ತದೆ. ಬಿಂಬವು ವರ್ಷವರ್ಷಕ್ಕೂ ಕ್ಷೀಣಿಸಿರುತ್ತದೆ. ನಮ್ಮ ಸೆಕೆಗೆ ಜೆಲಟಿನ್ನು ಗಾಜನ್ನು ಬಿಟ್ಟು ಸುಕ್ಕಾಗುವುದೂ ಉಂಟು. ಗುರುತಿಲ್ಲದ 6ನೆಯ ಪ್ಲೇಟನ್ನು ಮೊದಲು ತೊಳೆದು ನೋಡಿದೆನು. ಅದು ಬಳಸದ ಪ್ಲೇಟೇ ಆಗಿತ್ತು; ಪೂರಾ ಬೂದಿಯ ಬಣ್ಣಕ್ಕೆ ತಿರುಗಿತು. ಅದರಿಂದ ಮಂಜಿನ ಪ್ರಮಾಣವು ತಿಳಿಯಿತು. ಆಮೇಲೆ ಡೆವಲಪರಿಗೆ ಪೊಟ್ಯಾಸಿಯಂ ಬ್ರೋಮೈಡನ್ನು ಹೆಚ್ಚಾಗಿ ಸೇರಿಸಿ, ಮಂಜುಗಡ್ಡೆಯ ಪಾತ್ರೆಯಲ್ಲಿಟ್ಟು ತಣ್ಣಗೆ ಮಾಡಿ, 5ನೆಯದನ್ನು ಇಳಿಸಿದೆನು. ಅಂಚುಗಳೆಲ್ಲ ಕಪ್ಪಾದುವು. ನಡುವೆ ಮೊದಲು ಬಣ್ಣದ ಪರದೆಯ ಒಂದು ಕಂಬ, ಬಳಿಕ ಕುರ್ಚಿಯ ಕೈ, ಬಳಿಕ ಮಂಡಿಗಳ ಮೇಲೆ ಇರಿಸಿದ ಎರಡು ಕೈಗಳು. ಕುರ್ಚಿಯಲ್ಲಿ ಒಬ್ಬ ಮುದುಕಿ, ಸೆರಗನ್ನು ತಲೆಯ ಮೇಲೆ ಹೊದ್ದು, ನೆಟ್ಟ ದೃಷ್ಟಿಯಿಂದ ಕುಳಿತಿದ್ದಾಳೆ. ಪಕ್ಕದಲ್ಲಿ ಒಬ್ಬ ಹುಡುಗ. ಅವನು ಅಲುಗಾಡಿದ್ದರಿಂದ ಮುಖವು ಅಳಿಸಿದಂತಾಗಿದೆ. ಅಂಗಿಯ ಗುಂಡಿಗಳು ಮಾತ್ರ ಸ್ಪಷ್ಟವಾಗಿವೆ.

ಮೂರು ಪ್ರತಿಗಳನ್ನು ಅಚ್ಚು ತೆಗೆದು ಆ ಹಳ್ಳಿಗೆ ಹೋದೆನು. ಗೌಡರ ಮನೆಯೆಂಬ ಹೆಸರಿನವು ಅಲ್ಲಿ ಎರಡಿದ್ದುವು. ಮೊದಲನೆಯ ಮನೆಯವರು ಚಿತ್ರವನ್ನು ಸರಿಯಾಗಿ ನೋಡುವ ಮೊದಲೇ ತಮ್ಮ ಅಜ್ಜಿಯೆಂದು ಹೇಳಿ, ಚೌಕಟ್ಟು ಹಾಕಿಸಲು ಎಷ್ಟಾಗುವುದೆಂದು ವಿಚಾರಿಸಿದರು. ಎರಡನೆಯ ಮನೆಯಲ್ಲಿ ಅರವತ್ತು ದಾಟಿದ ಯಜಮಾನರೊಬ್ಬರು ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮುದುಕಿಯನ್ನಲ್ಲ, ಹುಡುಗನನ್ನು. ಕಡೆಗೆ, ಹೇಳಲು ಬಾರದು ಎಂದು ಹಿಂದಿರುಗಿಸಿದರು. ಅವರ ಅಕ್ಕ ಹರಿಹರದಲ್ಲಿದ್ದಾರೆ. ಹಬ್ಬಕ್ಕೆ ಊರಿಗೆ ಬರುವರಂತೆ. ಅವರಿಗೆ ನೆನಪು ಚೆನ್ನಾಗಿದೆಯಂತೆ. ಅಲ್ಲಿಯವರೆಗೆ ಯಾರಿಗೂ ಕೊಡಬೇಡಿ ಎಂದು ಆ ಸ್ಟುಡಿಯೋದ ತಾಯಿಯೂ ಹೇಳಿಕಳಿಸಿದ್ದಾರೆ. ಬಾಕಿ ಏಳು ರೂಪಾಯಿಯನ್ನು ಅವರು ಪುಸ್ತಕದಿಂದ ಹೊಡೆದುಹಾಕಿಲ್ಲ. ಮೂರು ಪ್ರತಿಗಳೂ ಲಕೋಟೆಯಲ್ಲಿ, ನನ್ನ ಮೇಜಿನ ಮೇಲೆ, ಖಾಲಿಯಾದ ಹೋಲ್ಡರಿನ ಕೆಳಗೆ ಇವೆ.